ಸಿಂಬಿ ಇಟ್ಟರೆ ಕೊರಳಿನ ಭಾರ ಕಡಿಮೆಯಾಗುವುದೇ? ಒಂಬತ್ತನೆಯ ತರಗತಿಯ ಒಂದು ಜೋಡಿ ಪಾಠ

ಎರಡನೆಯ ವರ್ಷದ ಬೋಧನಾಭ್ಯಾಸಕ್ಕೆ ನನ್ನನ್ನೂ ಇನ್ನಿಬ್ಬರು ಸಹಪಾಠಿಗಳನ್ನೂ ವಡಗೇರಾದ ಒಂದು ಸರಕಾರಿ ಪ್ರೌಢಶಾಲೆಗೆ ನಿಯೋಜಿಸಿದ್ದರು. ವಡಗೇರಾ ಹಿಂದೆ ಶಹಾಪುರ ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು ಕೇಂದ್ರ. ಕಾಲುವೆ ನೀರು ಹರಿಯುವ ಕಡೆ ಭತ್ತ, ಉಳಿದ ಕಡೆ ಹತ್ತಿ, ತೊಗರಿ. ಹೊಲದ ಕೆಲಸ ಮುಗಿದ ಮೇಲೆ ಹಲವು ಮನೆಗಳವರು ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಈ ವಿವರವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ನಾನು ಇಲ್ಲಿ ಬರೆಯುತ್ತಿರುವ ಪಾಠ ಕೊರಳಿನ ಬಗ್ಗೆ, ಮತ್ತು ಆ ತರಗತಿಯಲ್ಲಿ ಕುಳಿತ 38 ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ತಲೆಯ ಮೇಲೆ ಏನಾದರೂ ಹೊರುವವರು ಒಬ್ಬರಾದರೂ ಇದ್ದರು.

ಪಾಠದ ಆಯ್ಕೆ

ನನಗೆ ಬಂದ ಘಟಕ ಒಂಬತ್ತನೆಯ ತರಗತಿಯ ‘ಅಂಗಾಂಶಗಳು’. ಅದರಲ್ಲಿ ಸಂಯೋಜಕ ಅಂಗಾಂಶದ ಭಾಗ ಎಲ್ಲರಿಗೂ ಗೊತ್ತಿರುವಂಥದ್ದೇ. ಮೂಳೆ ಗಟ್ಟಿ, ಮೃದ್ವಸ್ಥಿ ಮೆತ್ತಗೆ, ಅಸ್ಥಿರಜ್ಜು ಮೂಳೆಯನ್ನು ಮೂಳೆಗೆ ಕಟ್ಟುತ್ತದೆ, ಸ್ನಾಯುರಜ್ಜು ಸ್ನಾಯುವನ್ನು ಮೂಳೆಗೆ ಕಟ್ಟುತ್ತದೆ. ಮಕ್ಕಳು ಇದನ್ನು ಒಂದೇ ದಿನದಲ್ಲಿ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಕೊನೆಯ ಎರಡನ್ನು ಅದಲುಬದಲು ಮಾಡುತ್ತಾರೆ. ಈ ನಾಲ್ಕೂ ಅಂಗಾಂಶಗಳು ಅಂಗೈಯಗಲದ ಜಾಗದಲ್ಲಿ ಒಟ್ಟಿಗೆ ಕೆಲಸ ಮಾಡುವ ದೇಹದ ಭಾಗವೊಂದನ್ನು ಹಿಡಿದು ಪಾಠ ಮಾಡಬೇಕೆಂದು ಹೊರಟಾಗ ಕೊರಳು ಸಿಕ್ಕಿತು. ಆರನೆಯ ತರಗತಿಯ ‘ದೇಹದ ಚಲನೆಗಳು’ ಪಾಠದಲ್ಲಿ ತಲೆ ಮತ್ತು ಕೊರಳು ಸೇರುವ ತಿರುಗುವ ಕೀಲನ್ನು ಅವರು ಆಗಲೇ ಓದಿದ್ದರು. ಅದೇ ಪೂರ್ವಜ್ಞಾನ.

ರಗ್ಬಿ ಮಾತ್ರ ನನ್ನ ಯೋಜನೆಯಲ್ಲಿ ಇರಲಿಲ್ಲ. ಪಾಠಕ್ಕೆ ಎರಡು ದಿನ ಮೊದಲು ಆಟದ ಅವಧಿಯಲ್ಲಿ ಹುಡುಗರು ಕಬಡ್ಡಿ ಮುಗಿಸಿ ಕುಳಿತಿದ್ದಾಗ ಒಬ್ಬ ಕೇಳಿದ: ‘ಟೀಚರ್, ಫೋನಿನ್ಯಾಗ ಒಂದು ಆಟ ನೋಡೀನ್ರಿ. ಎಂಟು ಮಂದಿ ಈ ಕಡೆ, ಎಂಟು ಮಂದಿ ಆ ಕಡೆ, ತಲಿ ಒಳಗ ಹಾಕಿ ಟಗರಿನಂಗ ನೂಕ್ತಾರ. ಅವರ ಕೊರಳು ಮುರಿಯಂಗಿಲ್ಲೇನ್ರಿ?’ 2025ರ ಜೂನ್‌ನಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡವೂ ಇತ್ತು. ಆದರೆ ಅದು ಏಳು ಜನರ ಆಟ, ಅದರ ಸ್ಕ್ರಮ್‌ನಲ್ಲಿ ಕಡೆಗೆ ಮೂವರಷ್ಟೇ ಇರುತ್ತಾರೆ. ಹುಡುಗ ನೋಡಿದ್ದು ಹದಿನೈದು ಜನರ ಹಳೆಯ ಬಗೆಯ ಆಟ. ಪ್ರಶ್ನೆ ಚೆನ್ನಾಗಿತ್ತು. ನಾನು ಆ ಪ್ರಶ್ನೆಯನ್ನೇ ಪಾಠದ ಬಾಗಿಲಾಗಿ ಇಟ್ಟುಕೊಂಡು ಯೋಜನೆಯನ್ನು ಎರಡು ಅವಧಿಗೆ ಹಿಗ್ಗಿಸಿದೆ: ಮೊದಲನೆಯದು ಜೀವವಿಜ್ಞಾನ, ಎರಡನೆಯದು ‘ಗುರುತ್ವಾಕರ್ಷಣೆ’ ಘಟಕದ ನೂಕುಬಲ ಮತ್ತು ಒತ್ತಡ.

ಕಲಿಕೋಪಕರಣ: ಕಣಕದ ಬಿಲ್ಲೆಗಳು

ಪ್ಲಾಸ್ಟಿಕ್ ಅಸ್ಥಿಪಂಜರ ಶಾಲೆಯಲ್ಲಿತ್ತು, ಆದರೆ ಅದರ ಕೊರಳಿನ ಮಣಿಗಳು ಒಂದಕ್ಕೊಂದು ಅಂಟಿದ್ದವು. ಹಾಗಾಗಿ ದರ್ಜಿಯ ಅಂಗಡಿಯಿಂದ ಏಳು ಖಾಲಿ ದಾರದ ರೀಲುಗಳನ್ನು ತಂದೆವು. ನಡುವಿನ ತೂತಿನಲ್ಲಿ ಕೆಂಪು ಸುತಳಿ ಹಾಯಿಸಿದರೆ ಅದೇ ಬೆನ್ನುಹುರಿ. ರೀಲುಗಳ ನಡುವೆ ಇಡಲು ಜೋಳದ ಹಿಟ್ಟಿನ ಕಣಕದಿಂದ ಬಿಲ್ಲೆಗಳನ್ನು ಮಾಡಿದೆವು. ಎರಡು ಗುಂಪು: ಒಂದು ಆಗತಾನೇ ನಾದಿದ್ದು, ಇನ್ನೊಂದು ಹಿಂದಿನ ದಿನ ನಾದಿ ಬಿಸಿಲಿನಲ್ಲಿ ಬಿಟ್ಟಿದ್ದು. ಜೋಳದ ಕಣಕವನ್ನೇ ಆರಿಸಿದ್ದು ಉದ್ದೇಶಪೂರ್ವಕ. ಗೋಧಿ ಕಣಕ ಜಿಗುಟು, ಒಣಗಿದರೂ ಬೇಗ ಬಿರಿಯುವುದಿಲ್ಲ. ಜೋಳದ್ದು ನೀರು ಕಳೆದುಕೊಂಡ ಕೂಡಲೇ ಅಂಚಿನಲ್ಲಿ ಸೀಳುತ್ತದೆ. ರೊಟ್ಟಿ ಬಡಿಯುವ ಮನೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಮನುಷ್ಯನ ಕೊರಳಿನಲ್ಲಿ ಏಳು ಮಣಿಗಳು. ಜಿರಾಫೆಗೂ ಏಳೇ, ಇಲಿಗೂ ಏಳೇ (ತರಗತಿ ಇದನ್ನು ನಂಬಲು ಸ್ವಲ್ಪ ಹೊತ್ತು ಹಿಡಿಯಿತು). ಮೊದಲ ಮಣಿ ತಲೆಬುರುಡೆಯನ್ನು ಹೊತ್ತಿದೆ, ಎರಡನೆಯದು ಗೂಟದಂತೆ ಮೇಲೆದ್ದು ಅದಕ್ಕೆ ತಿರುಗುವ ಅಚ್ಚಾಗಿದೆ. ಬುರುಡೆಗೂ ಮೊದಲ ಮಣಿಗೂ ನಡುವೆ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಬಿಲ್ಲೆ ಇಲ್ಲ. ಎರಡನೆಯ ಮಣಿಯ ಕೆಳಗಿನಿಂದ ಬಿಲ್ಲೆಗಳು ಶುರು. ಪ್ರತಿ ಬಿಲ್ಲೆಗೂ ಹೊರಗೆ ನಾರುನಾರಾದ ಮೃದ್ವಸ್ಥಿಯ ಉಂಗುರ, ಒಳಗೆ ನೀರು ತುಂಬಿದ ಲೋಳೆಯಂಥ ತಿರುಳು. ವಯಸ್ಕರ ಬಿಲ್ಲೆಗೆ ರಕ್ತನಾಳ ಹೋಗುವುದಿಲ್ಲ. ಅಕ್ಕಪಕ್ಕದ ಮೂಳೆಯಿಂದ ಆಹಾರವೂ ನೀರೂ ಜಿನುಗಿ ಬರಬೇಕು. ಆದ್ದರಿಂದಲೇ ಅದಕ್ಕೆ ಗಾಯವಾದರೆ ಚರ್ಮದಂತೆ, ಮೂಳೆಯಂತೆ ಕೂಡಿಕೊಳ್ಳುವುದಿಲ್ಲ. ಇಲ್ಲಿ ನಿಂತು ‘ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ’ ಎಂಬ ಪುಸ್ತಕದ ವಾಕ್ಯವನ್ನು ಓದಿಸಿದೆ. ಒಂದು ಅಂಕದ ಉತ್ತರವೆಂದು ಅವರು ಗೆರೆ ಎಳೆದುಕೊಂಡಿದ್ದ ವಾಕ್ಯ ಅದು.

ಮೊದಲ ಅವಧಿ

ಹಸಿ ಬಿಲ್ಲೆಗಳ ಕೊರಳನ್ನು ಒಬ್ಬ ವಿದ್ಯಾರ್ಥಿನಿ ಅಂಗೈಯಿಂದ ಒತ್ತಿದಳು. ಬಿಲ್ಲೆ ಅಗಲವಾಯಿತು. ಒಣ ಬಿಲ್ಲೆಗಳದ್ದನ್ನು ಒತ್ತಿದಾಗ ಅಂಚು ಸೀಳಿತು, ಮೇಲಿನ ರೀಲು ಕೆಳಗಿನದಕ್ಕೆ ಇನ್ನೂ ಹತ್ತಿರ ಬಂತು. ನಿಜವಾದ ಕೊರಳಿನಲ್ಲಿ ಮುಂದೇನಾಗುತ್ತದೆ? ಬಿಲ್ಲೆ ತೆಳುವಾದ ಕಡೆ ಮೂಳೆಯ ಅಂಚು ಮುಳ್ಳಿನಂತೆ ಬೆಳೆಯುತ್ತದೆ. ಮಣಿಗಳ ಪಕ್ಕದಿಂದ ತೋಳಿಗೆ ಹೋಗುವ ನರ ಹಾಯುವ ಕಿಂಡಿ ಕಿರಿದಾಗಬಹುದು. ಆಗ ಕೈ ಜುಮುಜುಮು ಅನ್ನುತ್ತದೆ, ಬೆರಳು ಮರಗಟ್ಟುತ್ತವೆ. ಈ ಸವಕಳಿ ಹೆಚ್ಚಾಗಿ ಕಾಣುವುದು ಐದು, ಆರು, ಏಳನೆಯ ಮಣಿಗಳ ನಡುವೆ.

ಈಗ ರಗ್ಬಿಯ ಹುಡುಗನ ಪ್ರಶ್ನೆಗೆ ಬಂದೆವು. ಸ್ಕ್ರಮ್ ಎಂದರೆ ನಿಂತ ಆಟವನ್ನು ಮತ್ತೆ ಶುರುಮಾಡುವ ವಿಧಾನ. ಮುಂಚೂಣಿಯಲ್ಲಿ ಕಡೆಗೆ ಮೂವರು, ಹಿಂದೆ ಐವರು. ಎದುರಾಳಿಯ ತಲೆಗಳ ನಡುವೆ ತಮ್ಮ ತಲೆ ತೂರಿಸಿ ಭುಜಕ್ಕೆ ಭುಜ ಕೊಟ್ಟು ನೂಕುತ್ತಾರೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು ಯಂತ್ರಕ್ಕೆ ಎದುರಾಗಿ ನೂಕಿಸಿ ಅಳೆದಾಗ, ಅಂತರರಾಷ್ಟ್ರೀಯ ಮಟ್ಟದ ಗಂಡಸರ ತಂಡ ಮೊದಲ ಬಡಿತದಲ್ಲಿ ಸುಮಾರು 16,500 ನ್ಯೂಟನ್ ಬಲ ಹಾಕಿತು. ತರಗತಿಯಲ್ಲಿ ಇದನ್ನು ಸಿಮೆಂಟ್ ಚೀಲಕ್ಕೆ ಬದಲಿಸಿದೆವು. 50 ಕಿಲೋ ಚೀಲದ ತೂಕ ಸುಮಾರು 500 ನ್ಯೂಟನ್ ಎಂದು ಹಿಡಿದರೆ 33 ಚೀಲ. ‘ಯಪ್ಪಾ’ ಎಂಬ ಉದ್ಗಾರ ಹಿಂದಿನ ಬೆಂಚಿನಿಂದ ಬಂತು. ಅಷ್ಟೂ ಬಲ ಕೊರಳಿನ ಮೇಲೆ ಬೀಳುವುದಿಲ್ಲ, ಹೆಚ್ಚಿನ ಪಾಲು ಭುಜದ ಮೂಲಕ ಹೋಗುತ್ತದೆ, ಮೂವರಲ್ಲಿ ಹಂಚಿಕೆಯಾಗುತ್ತದೆ ಎಂಬುದನ್ನೂ ಹೇಳಲೇಬೇಕು. ಇಲ್ಲದಿದ್ದರೆ ಮಕ್ಕಳು ಮನೆಗೆ ಒಯ್ಯುವುದು ಗಾಬರಿಯನ್ನು ಮಾತ್ರ.

ಈ ಆಟಗಾರರ ಕೊರಳು ಬೇಗ ಸವೆಯುತ್ತದೆಂದು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. 1990ರಲ್ಲಿ ದಕ್ಷಿಣ ಆಫ್ರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಷೆರ್ ಎಂಬ ವಿಕಿರಣ ತಜ್ಞರು ಇದನ್ನು ಬರೆದರು. 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮುಂಚೂಣಿ ಆಟಗಾರರ ಎಂಆರ್‌ಐ ಚಿತ್ರಗಳನ್ನು ಅವರದೇ ವಯಸ್ಸಿನ, ರಗ್ಬಿ ಆಡದವರ ಚಿತ್ರಗಳ ಜೊತೆ ಇಟ್ಟು ನೋಡಿತು. ಆಟಗಾರರ ಬಿಲ್ಲೆಗಳಲ್ಲಿ ಸವಕಳಿ ಹೆಚ್ಚಿತ್ತು.

ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಆ ಆಟ ಮುಂದೇನು ಮಾಡಿತು ಎಂಬುದು. ‘ಕೊರಳು ಗಟ್ಟಿ ಮಾಡಿಕೊಳ್ಳಿ’ ಎಂದು ಆಟಗಾರರಿಗೆ ಹೇಳಿ ಸುಮ್ಮನಾಗಲಿಲ್ಲ. 2013ರಲ್ಲಿ ಇಂಟರ್‌ನ್ಯಾಷನಲ್ ರಗ್ಬಿ ಬೋರ್ಡ್ ಸ್ಕ್ರಮ್ ಶುರುವಾಗುವ ಕ್ರಮವನ್ನೇ ಬದಲಿಸಿತು. ಮೊದಲು ದೂರದಿಂದ ಬಂದು ಬಡಿಯುತ್ತಿದ್ದರು. ಈಗ ಬಗ್ಗಿ, ಎದುರಾಳಿಯ ಅಂಗಿಯನ್ನು ಕೈಯಿಂದ ಹಿಡಿದುಕೊಂಡು, ಹತ್ತಿರದಲ್ಲೇ ನಿಂತು ಕೂಡಿಕೊಳ್ಳಬೇಕು. ಮೊದಲ ಬಡಿತದ ಬಲ ಸುಮಾರು ಕಾಲು ಭಾಗ ಕಡಿಮೆಯಾಯಿತು. ಹುಡುಗರು ಇದನ್ನು ತಕ್ಷಣ ಮಾಡಿ ನೋಡಿದರು, ಅಂಗೈಗೆ ಅಂಗೈ ಕೊಟ್ಟು ಮಾತ್ರ, ತಲೆ ಹಾಕದೆ. ದೂರದಿಂದ ಬಂದು ಬಡಿದ ಅಂಗೈ ಉರಿಯುತ್ತದೆ, ಮೊದಲೇ ಮುಟ್ಟಿಕೊಂಡು ನೂಕಿದರೆ ಉರಿಯುವುದಿಲ್ಲ. ಹತ್ತು ನಿಮಿಷ ಗದ್ದಲವಾಯಿತು, ಆದರೆ ಸಂವೇಗದ ಪಾಠಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ತಿಳಿದಿಲ್ಲ.

ಎರಡನೆಯ ಅವಧಿ: ಸಿಂಬಿ

ಎಂಟನೆಯ ತರಗತಿಯ ‘ಬಲ ಮತ್ತು ಒತ್ತಡ’ ಪಾಠದಲ್ಲಿ ಕೂಲಿಗಳು ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು ಭಾರ ಹೊರುವ ಉದಾಹರಣೆ ಇದೆ. ಸಂಪರ್ಕದ ವಿಸ್ತೀರ್ಣ ಹೆಚ್ಚುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಉತ್ತರ ಸರಿ. ಆದರೆ ‘ಸಿಂಬಿ ಇಟ್ಟರೆ ಏನು ಕಡಿಮೆಯಾಗುತ್ತದೆ?’ ಎಂದು ಕೇಳಿದರೆ ಮಕ್ಕಳು ‘ಭಾರ’ ಎನ್ನುತ್ತಾರೆ. ನಾನು ಕೇಳಿದ ತರಗತಿಯಲ್ಲಿ ಕೈ ಎತ್ತಿದ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಹಾಗೇ ಅಂದರು. ಬಲ ಬೇರೆ, ಒತ್ತಡ ಬೇರೆ ಎಂಬ ಇಡೀ ಪಾಠದ ತಿರುಳು ಈ ಒಂದು ಮಾತಿನಲ್ಲಿ ಜಾರಿಹೋಗುತ್ತದೆ.

ಆದ್ದರಿಂದ ಅಳೆದೆವು. ಮನೆಯಲ್ಲಿ ಬಳಸುವ ಪ್ಲಾಸ್ಟಿಕ್ ಕೊಡಕ್ಕೆ ಒಂದು ಲೀಟರ್ ಬಾಟಲಿಯಿಂದ 15 ಸಲ ನೀರು ಹಿಡಿಯಿತು. ಕೊಡದ ತೂಕವೂ ಸೇರಿ 16 ಕಿಲೋ ಎಂದಿಟ್ಟುಕೊಂಡೆವು. ಬಲ ಸುಮಾರು 160 ನ್ಯೂಟನ್. ಸಂಪರ್ಕದ ವಿಸ್ತೀರ್ಣ ಹಿಡಿಯಲು ಖಾಲಿ ಕೊಡದ ತಳಕ್ಕೆ ಸುಣ್ಣದ ಪುಡಿ ಸವರಿ, ಕಪ್ಪು ಬಟ್ಟೆ ಹೊದ್ದ ತಲೆಯ ಮೇಲೆ ಇಟ್ಟು ತೆಗೆದೆವು. ಬಿದ್ದ ಗುರುತನ್ನು ಗ್ರಾಫ್ ಹಾಳೆಗೆ ಇಳಿಸಿ ಚೌಕ ಎಣಿಸಿದರೆ ಸುಮಾರು 10 ಚದರ ಸೆಂಟಿಮೀಟರ್. ಸಿಂಬಿಯ ಮೇಲಿನ ಗುರುತು 80. ತುಂಬಿದ ಕೊಡವನ್ನು ಈ ಪ್ರಯೋಗದಲ್ಲಿ ಯಾರ ತಲೆಯ ಮೇಲೂ ಇಡಿಸಬಾರದು ಎಂದು ಪಾಠ ಯೋಜನೆಯಲ್ಲೇ ಬರೆದುಕೊಂಡಿದ್ದೆ.

ಕಪ್ಪುಹಲಗೆಯ ಮೇಲೆ ಲೆಕ್ಕ ಹೀಗಾಯಿತು. ಸಿಂಬಿ ಇಲ್ಲದೆ ನೆತ್ತಿಯ ಮೇಲಿನ ಒತ್ತಡ 1,60,000 ಪ್ಯಾಸ್ಕಲ್. ಸಿಂಬಿ ಇಟ್ಟಾಗ 20,000 ಪ್ಯಾಸ್ಕಲ್, ಎಂಟನೆಯ ಒಂದು ಭಾಗ. ತರಗತಿ ಸಂತೋಷಪಟ್ಟಿತು. ಈಗ ಕೊರಳಿಗೆ ಬನ್ನಿ ಎಂದೆ. ದೊಡ್ಡವರ ತಲೆಯ ತೂಕ ಸುಮಾರು 5 ಕಿಲೋ, ಅಂದರೆ 50 ನ್ಯೂಟನ್. ಅದರ ಮೇಲೆ ಕೊಡದ 160. ಒಟ್ಟು 210 ನ್ಯೂಟನ್. ಸಿಂಬಿ ಇಟ್ಟರೆ? ಸಿಂಬಿಯ ಸೀರೆ ತುಂಡು 200 ಗ್ರಾಂ ಇತ್ತು. 212 ನ್ಯೂಟನ್. ‘ಟೀಚರ್, ಎರಡು ಹೆಚ್ಚಾತಲ್ರಿ!’ ಎಂದು ಮುಂದಿನ ಸಾಲಿನ ಹುಡುಗಿ ಎದ್ದು ನಿಂತೇ ಕೂಗಿದಳು.

ಕೊರಳಿನ ಮಣಿಯ ಅಗಲ ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು. ಬಿಲ್ಲೆಯ ವಿಸ್ತೀರ್ಣ 3 ಚದರ ಸೆಂಟಿಮೀಟರ್ ಎಂದು ಹಿಡಿದರೆ ಅದರ ಮೇಲಿನ ಒತ್ತಡ ಸುಮಾರು 7 ಲಕ್ಷ ಪ್ಯಾಸ್ಕಲ್. ನೆತ್ತಿಯಲ್ಲಿ 20 ಸಾವಿರ, ಕೊರಳಿನಲ್ಲಿ 7 ಲಕ್ಷ. ಮಣಿಗಳ ಹಿಂಬದಿಯ ಪುಟ್ಟ ಕೀಲುಗಳೂ ಭಾರ ಹಂಚಿಕೊಳ್ಳುತ್ತವೆ, ಕೊರಳಿನ ಸ್ನಾಯುಗಳ ಎಳೆತ ಭಾರವನ್ನು ಇನ್ನಷ್ಟು ಕೂಡಿಸುತ್ತದೆ. ಹಾಗಾಗಿ ಇದು ಅಂದಾಜಿನ ಲೆಕ್ಕವೇ. ಆದರೂ ಸಿಂಬಿ ಕಾಪಾಡುವುದು ನೆತ್ತಿಯನ್ನು, ಕೊರಳನ್ನಲ್ಲ ಎಂಬ ವ್ಯತ್ಯಾಸ ಲೆಕ್ಕದಿಂದಲೇ ಕಣ್ಣಿಗೆ ಕಂಡಿತು. ಸಿಂಬಿಗೆ ಅನ್ಯಾಯವಾಗಬಾರದು: ಅದು ಕೊಡ ಓಲಾಡದಂತೆ ಹಿಡಿಯುತ್ತದೆ. ಕೊಡ ಓಲಾಡಿದರೆ ಅದನ್ನು ಸರಿಪಡಿಸಲು ಕೊರಳಿನ ಸ್ನಾಯುಗಳು ಪ್ರತಿ ಹೆಜ್ಜೆಗೂ ಎಳೆಯಬೇಕು. ನಮ್ಮ ಅವ್ವಂದಿರು ನೆಟ್ಟಗೆ, ಕೊರಳು ಅಲುಗದಂತೆ ನಡೆಯುವುದರಲ್ಲಿ ದೊಡ್ಡ ವಿವೇಕವಿದೆ.

ಸನ್ನೆಕೋಲಿನ ಮಾತನ್ನೂ ಇಲ್ಲಿ ಸೇರಿಸಿದೆ. ಕೊರಳಿನ ತುದಿ ಆಧಾರಬಿಂದು, ಮುಂದಕ್ಕೆ ವಾಲುವ ತಲೆ ಭಾರ, ಹಿಂದಿನಿಂದ ಎಳೆಯುವ ಸ್ನಾಯು ಶ್ರಮ. ತಲೆ ಬಗ್ಗಿದಷ್ಟೂ ಸ್ನಾಯು ಹೆಚ್ಚು ಎಳೆಯಬೇಕು, ಮಣಿಗಳ ಮೇಲೆ ಎರಡರ ಮೊತ್ತವೂ ಬೀಳುತ್ತದೆ. ಗಂಟೆಗಟ್ಟಲೆ ಬಗ್ಗಿ ಹತ್ತಿ ಬಿಡಿಸುವುದು, ನಾಟಿ ಹಾಕುವುದು, ಫೋನು ನೋಡುವುದು ಮೂರಕ್ಕೂ ಈ ಚಿತ್ರ ಸಾಕು. ಹೆಚ್ಚು ಹೊತ್ತು ಇಲ್ಲಿ ನಿಲ್ಲಲಿಲ್ಲ.

ಒಂದು ಪ್ರಶ್ನೆ

ಲೆಕ್ಕ ಮುಗಿಯುತ್ತಿದ್ದಂತೆ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು: ‘ಹಂಗಾದ್ರ ನೀರು ತರೂದು ಬಿಡಬೇಕೇನ್ರಿ?’ ಯಾರೂ ನಗಲಿಲ್ಲ. ಬೆಳಿಗ್ಗೆ ನಾಲ್ಕು ಕೊಡ ತಂದು ಶಾಲೆಗೆ ಬರುವ ಹುಡುಗಿ ಅವಳು. ಅವಳ ತಾಯಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿ ಕೆಲವು ವರ್ಷ ಜಲ್ಲಿ ಬುಟ್ಟಿ ಹೊತ್ತು ಈಗ ಊರಿಗೆ ಮರಳಿದ್ದಾರೆ. ರೊಟ್ಟಿ ಬಡಿಯುವಾಗ ಕೈ ಜೋಮು ಹಿಡಿಯುತ್ತದೆಂದು ಅವಳೇ ಮೊದಲ ಅವಧಿಯ ನಂತರ ನನ್ನ ಬಳಿ ಹೇಳಿದ್ದಳು.

ಈ ಪ್ರಶ್ನೆಗೆ ಪಾಠ ಯೋಜನೆಯ ಯಾವ ಅಂಕಣದಲ್ಲೂ ಉತ್ತರವಿಲ್ಲ. ‘ಹೌದು, ಬಿಡಿ’ ಎಂದರೆ ಅದು ಮನೆಯಲ್ಲಿ ನಲ್ಲಿ ಇರುವವರು ಹೇಳುವ ಮಾತು. ‘ಪರವಾಗಿಲ್ಲ, ರೂಢಿಯಾಗುತ್ತದೆ’ ಎಂದರೆ ಸುಳ್ಳು. ನಾನು ತರಗತಿಗೆ ರಗ್ಬಿಯನ್ನೇ ಮತ್ತೆ ನೆನಪಿಸಿದೆ. ಅಲ್ಲಿ ಆಟ ಬಿಡಲಿಲ್ಲ, ಕ್ರಮ ಬದಲಿಸಿದರು. ನಮ್ಮಲ್ಲಿ ಯಾವ ಕ್ರಮ ಬದಲಿಸಬಹುದು, ಗುಂಪುಗಳಲ್ಲಿ ಕೂತು ಬರೆಯಿರಿ ಎಂದೆ. ಬಂದ ಉತ್ತರಗಳಲ್ಲಿ ಕೆಲವು: ದೊಡ್ಡ ಕೊಡ ಒಂದರ ಬದಲು ಚಿಕ್ಕವು ಎರಡು ಸಲ. ಕೊಡ ಎತ್ತಿಕೊಡಲು ಇನ್ನೊಬ್ಬರು ಇರುವುದು, ಒಬ್ಬರೇ ಮಂಡಿಯಿಂದ ತಲೆಗೆ ಎಸೆಯದಿರುವುದು. ಒದ್ದೆ ನೆಲದಲ್ಲಿ ಜಾರುವ ಚಪ್ಪಲಿ ಬೇಡ. ಮತ್ತು ನಾಲ್ಕು ಕೊಡ ಕೂರುವ ತಳ್ಳುಬಂಡಿ.

ಬಂಡಿಯ ಮಾತು ಬಂದಾಗ ತರಗತಿಯಲ್ಲಿ ಒಂದು ಸಣ್ಣ ಜಗಳವೇ ಆಯಿತು. ಬಂಡಿ ಇರುವ ಮನೆಗಳಲ್ಲಿ ಹುಡುಗರು ನೀರು ತರುತ್ತಾರೆ, ಬಂಡಿ ಇಲ್ಲದ ಮನೆಗಳಲ್ಲಿ ಹುಡುಗಿಯರು ತಲೆಯ ಮೇಲೆ ತರುತ್ತಾರೆ ಎಂದು ಹುಡುಗಿಯರ ಕಡೆಯಿಂದ ಆರೋಪ. ಹುಡುಗರು ಒಪ್ಪಲಿಲ್ಲ. ಕೈ ಎತ್ತಿಸಿದಾಗ ಆರೋಪ ಬಹುಪಾಲು ನಿಜವೆಂದೇ ಕಂಡಿತು. ಗಾಲಿ ಬಂದ ಕೂಡಲೇ ಕೆಲಸ ಗಂಡಸಿನದಾಗುವುದು ವಿಜ್ಞಾನದ ಪ್ರಶ್ನೆಯಲ್ಲ. ಆದರೆ ಅದನ್ನು ಸಮಾಜವಿಜ್ಞಾನದ ಅವಧಿಗೆ ಮುಂದೂಡುವ ಮನಸ್ಸು ನನಗಾಗಲಿಲ್ಲ, ಐದು ನಿಮಿಷ ಮಾತಾಡಲು ಬಿಟ್ಟೆ.

ತಾಯಿಯ ವಿಷಯವನ್ನು ತರಗತಿಯಲ್ಲಿ ಎತ್ತಲಿಲ್ಲ. ಅವಧಿ ಮುಗಿದ ಮೇಲೆ ಹುಡುಗಿಗೆ ಬೇರೆಯಾಗಿ ಹೇಳಿದ್ದು ಇಷ್ಟು: ಕೊರಳು ನೋವು ಬಹಳ ಸಲ ಸ್ನಾಯುವಿನದು, ವಿಶ್ರಾಂತಿಯಿಂದ ತಗ್ಗುತ್ತದೆ. ಆದರೆ ಕೈಯಿಂದ ವಸ್ತು ಜಾರಿ ಬೀಳುವುದು, ಅಂಗಿಯ ಗುಂಡಿ ಹಾಕಲು ಬಾರದಿರುವುದು, ನಡೆಯುವಾಗ ಕಾಲು ತೊಡರುವುದು, ಮೂತ್ರ ಹಿಡಿತ ತಪ್ಪುವುದು ಇದ್ದರೆ ಕಾಯಬಾರದು. ಅದು ಬೆನ್ನುಹುರಿಯೇ ಒತ್ತಿಕೊಂಡಿರುವ ಲಕ್ಷಣವಿರಬಹುದು. ಯಾದಗಿರಿಯ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಯಾರೋ ತಲೆ ಹಿಡಿದು ‘ಲಟ್’ ಎಂದು ನೆಟಿಗೆ ತೆಗೆಯುತ್ತಾರೆಂದು ಕೊರಳು ಒಪ್ಪಿಸಬಾರದು. ಕೆಲವು ದಿನಗಳ ನಂತರ ತಾಯಿ ಆಸ್ಪತ್ರೆಗೆ ಹೋಗಿ ಬಂದರು, ಭಾರ ಹೊರಬೇಡಿ ಎಂದರಂತೆ. ಹೊರದೆ ಇರಲು ಅವರಿಗೆ ಆಗುತ್ತದೆಯೇ ಎಂಬುದು ನನ್ನ ಪಾಠದ ಅಳವಿಗೆ ಮೀರಿದ್ದು.

ಹೆದರಿಸದೆ ಕಲಿಸುವುದು

ಈ ಬಗೆಯ ಪಾಠ ಮಾಡಬಯಸುವ ಸಹಪಾಠಿಗಳಿಗೆ ಒಂದು ಎಚ್ಚರಿಕೆ. ವಯಸ್ಸಾದಂತೆ ಎಲ್ಲರ ಬಿಲ್ಲೆಗಳೂ ನೀರು ಕಳೆದುಕೊಳ್ಳುತ್ತವೆ. ಏನೂ ನೋವಿಲ್ಲದ ಅರವತ್ತು ದಾಟಿದವರ ಕೊರಳಿನ ಚಿತ್ರ ತೆಗೆದರೂ ಹೆಚ್ಚಿನವರಲ್ಲಿ ಸವಕಳಿ ಕಾಣುತ್ತದೆ. ಸವಕಳಿ ಎಂದರೆ ನೋವು ಎಂದಲ್ಲ, ನೋವು ಎಂದರೆ ಸವಕಳಿ ಎಂದೂ ಅಲ್ಲ. ಒಣಗಿದ ಕಣಕ ಸೀಳುವುದನ್ನು ತೋರಿಸಿದ ಮೇಲೆ ಈ ಮಾತನ್ನು ಎರಡು ಸಲ ಹೇಳಬೇಕು, ಏಕೆಂದರೆ ಕಣ್ಣು ಕಂಡದ್ದನ್ನು ಕಿವಿ ಸುಲಭವಾಗಿ ತಿದ್ದುವುದಿಲ್ಲ.

ಇನ್ನೊಂದು ಕಡೆ ಗರಡಿ. ಆ ತರಗತಿಯಲ್ಲಿ ಇಬ್ಬರು ಹುಡುಗರು ಜಾತ್ರೆಯ ಕುಸ್ತಿಗೆ ಸಾಮು ಮಾಡುತ್ತಿದ್ದರು. ನೆತ್ತಿ ಮತ್ತು ಅಂಗಾಲು ಮಾತ್ರ ನೆಲಕ್ಕೆ ಊರಿ ಮೈಯನ್ನು ಸೇತುವೆಯಂತೆ ಬಾಗಿಸುವ ಕಸರತ್ತನ್ನು ತರಗತಿಯಲ್ಲೇ ತೋರಿಸಲು ಒಬ್ಬ ಮುಂದಾದ. ತಡೆದೆ. ಕುಸ್ತಿಪಟುವಿನ ಕೊರಳು ಗಟ್ಟಿಯಾಗಲೇಬೇಕು, ಬಲವಾದ ಕೊರಳು ಬೀಳುವಾಗ ಕಾಪಾಡುತ್ತದೆ. ಆದರೆ ಉಸ್ತಾದರ ಕಣ್ಣೆದುರು, ಮಟ್ಟಿಯ ಮೆತ್ತನೆಯ ಮಣ್ಣಿನಲ್ಲಿ, ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕಲಿಯುವುದನ್ನು ಸಿಮೆಂಟ್ ನೆಲದ ಮೇಲೆ ಗೆಳೆಯರ ಪಂದ್ಯಕ್ಕೆ ಮಾಡಬಾರದು. ಅವರಿಗೆ ಕೊಟ್ಟ ಬದಲಿ ಕಸರತ್ತು ಸರಳ: ತನ್ನ ಅಂಗೈಯನ್ನೇ ಹಣೆಗೆ, ಕಿವಿಯ ಮೇಲಕ್ಕೆ, ಹಿಂದಲೆಗೆ ಒತ್ತಿ, ತಲೆ ಅಲುಗದಂತೆ ಐದು ಎಣಿಸುವುದು.

ಯಾರ ಕೊರಳಿನ ಅಧ್ಯಯನವಾಗಿದೆ?

ಪಾಠಕ್ಕೆ ತಯಾರಾಗುವಾಗ ನನ್ನನ್ನು ಕಾಡಿದ ವಿಷಯವಿದು. ರಗ್ಬಿ ಆಟಗಾರರ ಕೊರಳಿನ ಬಗ್ಗೆ ಹುಡುಕಿದರೆ ಬಲ ಅಳೆದ ಯಂತ್ರ, ಎಂಆರ್‌ಐ, ನಿಯಮ ಬದಲಾವಣೆಯ ಮೊದಲು ಮತ್ತು ನಂತರದ ಅಂಕಿ ಎಲ್ಲವೂ ಸಿಗುತ್ತವೆ. ತಲೆಯ ಮೇಲೆ ಹೊರುವವರ ಕೊರಳಿನ ಬಗ್ಗೆ ಸಿಗುವುದು ಕಡಿಮೆ, ಸಿಕ್ಕದ್ದೂ ಹೆಚ್ಚಾಗಿ ಆಫ್ರಿಕದಿಂದ. 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೆವಿ ಎಂಬ ವೈದ್ಯರು ತಲೆಹೊರೆಯವರ ಕೊರಳಿನ ಗಾಯಗಳ ಬಗ್ಗೆ ‘ಪೋರ್ಟರ್ಸ್ ನೆಕ್’ ಎಂಬ ಹೆಸರಿನಲ್ಲೇ ಬರೆದರು. 1997ರ ಒಂದು ಅಧ್ಯಯನ ಹೊರುವವರನ್ನೂ ಹೊರದವರನ್ನೂ ಹೋಲಿಸಿ, ಹೊರುವವರಲ್ಲಿ ಸವಕಳಿ ಹೆಚ್ಚೆಂದು ಕಂಡಿತು. ಆಟಗಾರನಿಗೆ ವಾರಕ್ಕೊಂದು ಪಂದ್ಯ, ಜೊತೆಗೆ ಅಭ್ಯಾಸ, ಜೊತೆಗೆ ವೈದ್ಯ. ಬುಟ್ಟಿ ಹೊರುವ ಹೆಂಗಸಿಗೆ ದಿನಕ್ಕೆ ನೂರಾರು ಸುತ್ತು, ವೈದ್ಯ ಇಲ್ಲ.

ಕಾನೂನಿನ ಕಡೆಯಿಂದ ನೋಡಿದರೂ ಹಾಗೇ. ಶಾಲಾ ಚೀಲದ ತೂಕಕ್ಕೆ 2019ರಲ್ಲಿ ನಮ್ಮ ಸರಕಾರ ಆದೇಶ ಹೊರಡಿಸಿದೆ: ಒಂಬತ್ತು, ಹತ್ತನೆಯ ತರಗತಿಗೆ 4ರಿಂದ 5 ಕಿಲೋ. ತಕ್ಕಡಿ ತಂದು ತೂಗಿದೆವು, ಎಲ್ಲರ ಚೀಲವೂ ಮಿತಿಯೊಳಗಿತ್ತು. ಬೆಳಿಗ್ಗೆ ಅದೇ ಮಕ್ಕಳು 16 ಕಿಲೋ ಹೊತ್ತಿದ್ದು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ವೀಕ್ಷಣೆ ಮತ್ತು ಮೌಲ್ಯಮಾಪನ

ಎರಡನೆಯ ಅವಧಿಯನ್ನು ನಮ್ಮ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಿಸಿದರು. ಅವರ ಮುಖ್ಯ ಆಕ್ಷೇಪ: ಪಾಠ ಘಟಕದ ಗಡಿ ದಾಟಿದೆ, ಅಂಗಾಂಶಕ್ಕೆಂದು ಇಟ್ಟ ಸಮಯ ಒತ್ತಡಕ್ಕೂ ನೀರಿನ ಕೊಡಕ್ಕೂ ಹೋಗಿದೆ. ಶಾಲೆಯ ವಿಜ್ಞಾನ ಶಿಕ್ಷಕಿ ಒಪ್ಪಲಿಲ್ಲ, ಎರಡು ಘಟಕಗಳ ಪುನರಾವರ್ತನೆ ಒಮ್ಮೆಗೇ ಆಯಿತು ಎಂದರು. ನನ್ನ ನಿಲುವು ಶಿಕ್ಷಕಿಯದಕ್ಕೆ ಹತ್ತಿರ, ಆದರೆ ಉಪನ್ಯಾಸಕರ ಮಾತಿನಲ್ಲೂ ಹುರುಳಿದೆ. ಎರಡು ಅವಧಿಯನ್ನು ಒಬ್ಬರೇ ತೆಗೆದುಕೊಳ್ಳುವ ಅನುಕೂಲ ಬೋಧನಾಭ್ಯಾಸದಲ್ಲಿದೆ, ವರ್ಷವಿಡೀ ಪಾಠ ಓಡಿಸಬೇಕಾದ ಶಿಕ್ಷಕರಿಗೆ ಇರುವುದಿಲ್ಲ. ಒಂದೇ ಅವಧಿ ಸಿಕ್ಕರೆ ನಾನು ರಗ್ಬಿ ಬಿಟ್ಟು ಸಿಂಬಿಯನ್ನು ಇಟ್ಟುಕೊಳ್ಳುತ್ತೇನೆ.

ಒಂದು ವಾರದ ನಂತರ ಐದು ಪ್ರಶ್ನೆಗಳ ಕಿರು ಪರೀಕ್ಷೆ ಕೊಟ್ಟೆ. ಅಸ್ಥಿರಜ್ಜು, ಸ್ನಾಯುರಜ್ಜು ಅದಲುಬದಲು ಮಾಡಿದವರು 38ರಲ್ಲಿ ಆರು ಮಂದಿ. ‘ಸಿಂಬಿಯಿಂದ ಯಾವುದು ಕಡಿಮೆಯಾಗುತ್ತದೆ, ಯಾವುದು ಆಗುವುದಿಲ್ಲ? ಕಾರಣ ಕೊಡಿ’ ಎಂಬುದಕ್ಕೆ 27 ಮಂದಿ ಸರಿಯಾಗಿ ಬರೆದರು. ಉಳಿದವರಲ್ಲಿ ಒಬ್ಬ ಬರೆದ ಉತ್ತರ: ‘ಸಿಂಬಿಯಿಂದ ತಲೆಗೆ ಒತ್ತಡ ಕಡಿಮೆ. ಕೊರಳಿಗೆ ಭಾರ ಕಡಿಮೆ ಆಗಬೇಕಾದರೆ ಅಣ್ಣ ಹೊರಬೇಕು.’ ಇದಕ್ಕೆ ಎಷ್ಟು ಅಂಕ ಕೊಡಬೇಕೆಂದು ಶಿಕ್ಷಕಿಯೂ ನಾನೂ ಚರ್ಚಿಸಿ ಪೂರ್ಣ ಅಂಕ ಕೊಟ್ಟೆವು.

ರೀಲುಗಳ ಮಾದರಿಯನ್ನು ಆ ಶಾಲೆಯ ವಿಜ್ಞಾನ ಕೊಠಡಿಯಲ್ಲೇ ಬಿಟ್ಟು ಬಂದಿದ್ದೇನೆ. ಮುಂದಿನ ತಂಡದವರು ಬಳಸುವುದಾದರೆ ಬಿಲ್ಲೆಗಳನ್ನು ಪ್ರತಿ ಸಲ ಹೊಸದಾಗಿ ಮಾಡಬೇಕು. ಹಿಟ್ಟಿಗೆ ಕುದಿನೀರು ಹಾಕಿ ನಾದಿದರೆ ಹಸಿ ಬಿಲ್ಲೆ ಒಂದು ಅವಧಿಯವರೆಗೆ ಬಿರಿಯದೆ ಉಳಿಯುತ್ತದೆ. ಒಣ ಬಿಲ್ಲೆಗಳನ್ನು ಡಬ್ಬಿಯಲ್ಲಿ ಮುಚ್ಚಿಡಿ, ಇರುವೆ ಮುತ್ತುತ್ತವೆ.